ಮಾಯಾಳ ತಲೆಹೊರೆ

ಮುತ್ತಜ್ಜ ಜ್ಯೋತಿಬಾ ಗೋವೆಯ ಒಡೆಯನ ಚಾಟಿ ತಪ್ಪಿಸಿಕೊಂಡು, ಕಾಳಿ ಹೊಳೆ ಈಜಿ ಈ ಕಡೆಯ ಕಾಡು ಹೊಕ್ಕವನು. ಅಜ್ಜ ದುರ್ಗಪ್ಪ, ಕರಡಿಯ ಕೈಗೆ ಸಿಕ್ಕು ಅರೆಜೀವವಾದ ಗೆಳೆಯನನ್ನು ಹೆಗಲಿಗೆ ಹಾಕಿಕೊಂಡು ಹೊತ್ತು ಮುಳುಗುವುದರೊಳಗೆ ಮುಂಡಗೋಡದ ದವಾಖಾನೆ ಮುಟ್ಟಿಸಿದವನು. ಅಪ್ಪ ಡಾಕಪ್ಪ ಸಾಗವಾನಿ ತೊಲೆಯ ಒಂದು ತುದಿಗೆ ಹೆಗಲು ಕೊಟ್ಟರೆ ಇನ್ನೊಂದು ತುದಿಗೆ ಇಬ್ಬರು ಬೇಕಾಗುತ್ತಿತ್ತು. ಇಂಥ ಹೆಗಲುಗಾರರ ಮನೆಯಲ್ಲಿ ಹುಟ್ಟಿದ ಕೂಸಿಗೆ ಗಂಡು ಹೆಸರಿಟ್ಟರು. ಆ ಹೆಸರನ್ನು ಆಕೆ ಎಂದೋ ಕಳಚಿಟ್ಟಳು, ನಾವೂ ಎತ್ತುವುದು ಬೇಡ. ಆಕೆ ಮಾಯಾ.

ಪಾಳಾ ಎಂಬ ಊರಿನ ಆಚೆಗಿರುವ ಆಕೆಯ ಸಿದ್ದಿ ಕೇರಿಯಲ್ಲಿ ಗಂಡಸರು ಕಟ್ಟಿಗೆಯನ್ನು ಹೆಗಲ ಮೇಲೆ ಹೊರುತ್ತಾರೆ, ಹೆಂಗಸರು ಬಟ್ಟೆ ಸುತ್ತಿದ ಸಿಂಬಿ ಇಟ್ಟು ತಲೆಯ ಮೇಲೆ. ಹೆಗಲ ಹೊರೆಯನ್ನು ಒಬ್ಬರೇ ಎತ್ತಿಕೊಳ್ಳಬಹುದು. ತಲೆಹೊರೆಗೆ ಮಾತ್ರ ಎದುರಿಗೆ ಇನ್ನೊಬ್ಬ ಹೆಣ್ಣು ನಿಂತು ಕೈ ಹಚ್ಚಬೇಕು. ಮಾಯಾ ಸಣ್ಣಂದಿನಿಂದಲೂ ತಲೆಯ ಮೇಲೆ ಹೊತ್ತವಳು. ಸೀರೆ ಉಟ್ಟ ಮೇಲೆ ಯಾರೂ ಕೈ ಹಚ್ಚದಾದರು.

"ನೀ ಹೆಗಲ ಮ್ಯಾಲ ಹೊತ್ಕೋ ತಮ್ಮಾ," ಎಂದು ನೆರೆಮನೆಯ ಗೋಪಿಬಾಯಿ ನಕ್ಕರೆ ಉಳಿದವರೂ ಕಿಸಕ್ಕೆನ್ನುತ್ತಿದ್ದರು. ಮಾಯಾ ಹೊರೆಯನ್ನು ಮರದ ಕವಲಿಗೆ ಏರಿಸಿ, ಅಡಿಗೆ ತಲೆ ಕೊಟ್ಟು ಏಳುವುದರೊಳಗೆ ಹೆಂಗಸರ ಸಾಲು ಮುಂದೆ ಹೋಗಿಬಿಟ್ಟಿರುತ್ತಿತ್ತು.

ಹಿಂದೆ ಉಳಿದವಳಿಗೆ ಮಂಜೇ ಜೊತೆ. ಅದರೊಳಗೆ ಬಿದಿರುಮೆಳೆಗಳೆಲ್ಲ ಹೊರೆ ಹೊತ್ತ ಹೆಂಗಸರಾಗುತ್ತಿದ್ದವು. ಕಾಲಡಿಯ ನೆಲ ಕಾಣದು. ತಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದು. ತೀರಿಹೋದ ಅಜ್ಜಿ ಶಿವವ್ವ ಬೆನ್ನ ಹಿಂದೆ ಬಳೆ ಸದ್ದು ಮಾಡುತ್ತ ಬಂದಂತೆ, "ಸಾವಕಾಶ ಮಗಳ" ಎಂದಂತೆ. ತಿರುಗಿದರೆ ಬರೀ ಬೆಳ್ಳಗೆ. ಆಕೆಗಿದ್ದುದು ಒಂದೇ ಆಸೆ: ಕೇರಿಯ ಒಬ್ಬಳಾದರೂ ತಂಗೀ ಎಂದು ಕರೆದು ಹೊರೆ ಎತ್ತಬೇಕು.

ಮೊನ್ನೆ ಹಳಿಯಾಳದಿಂದ ಸಂಘದ ಅಕ್ಕೋರು ಬಂದು ಹೆಂಗಸರನ್ನು ಕೂಡಿಸಿ ತಿಳಿಹೇಳಿದರು. ಹೆಣ್ಣು ಹೆಣ್ಣನ್ನೇ ಮೆಚ್ಚಿದರೆ ಲೆಸ್ಬಿಯನ್, ಗಂಡು ಗಂಡನ್ನೇ ಮೆಚ್ಚಿದರೆ ಗೇ. ಅದು ಒಲವಿನ ಮಾತು. ಹುಟ್ಟಿದಾಗ ಊರು ಗಂಡೆಂದರೂ ಒಳಗೆ ತಾವು ಹೆಣ್ಣೆಂದು, ಇಲ್ಲವೇ ಊರು ಹೆಣ್ಣೆಂದರೂ ತಾವು ಗಂಡೆಂದು ಬಲ್ಲವರು ಟ್ರಾನ್ಸ್‌ಜೆಂಡರ್; ಅದು ತನ್ನನ್ನು ತಾನು ಅರಿತ ಮಾತು. ಅಂಥವರನ್ನು ದೂರ ಇಡುವುದು ತಪ್ಪು, ಎಂದರು. ಗೋಪಿಬಾಯಿ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಉದ್ದನೆಯ ಹೆಸರನ್ನು ಬಾಯಿಪಾಠ ಮಾಡಿದಳು.

ಮರುದಿನ ಕಾಡಿನಲ್ಲಿ ಸೆರಗು ಬಿಗಿದುಕೊಂಡು ಮಾಯಾಳ ಎದುರು ಬಂದು ನಿಂತಳು.

"ಬಾ ಟ್ರಾನ್ಸ್‌ಜೆಂಡರ್, ಹೊರಿ ಎತ್ತತೇನಿ!"

ದನಿಯಲ್ಲಿ ಕುಚೋದ್ಯವಿರಲಿಲ್ಲ. ಮಾಯಾಳ ಕೈ ಸಿಂಬಿಯ ಮೇಲೇ ನಿಂತಿತು.

"ನಿನಗ ಯಾರರ 'ಬಾ ಹೆಂಗಸ' ಅಂತ ಕರೀತಾರೇನಕ್ಕಾ?"

ಗೋಪಿಬಾಯಿ ಹೊರೆಗೆ ಕೈ ಚಾಚಿದಳು. "ಅಕ್ಕೋರು ಹೇಳಿದ್ದನ್ನ ಹೇಳಿದ್ನಲ್ಲಾ! ಎತ್ತಲೋ ಬ್ಯಾಡೋ?"

"ಬ್ಯಾಡಕ್ಕಾ. ಆ ಹೆಸರೇನು ಸುಳ್ಳಲ್ಲ. ಆದ್ರ ತಂಗೀ ಅಂತ ಬಾಯಿಗೆ ಬಂದ ದಿನ ಕೈ ಹಚ್ಚು. ಅಲ್ಲೀತನಕ ನನ್ನ ಹೊರಿ ನಾನ ಎತ್ಕೋತೇನಿ."