ವಾರಗಿತ್ತಿಯ ಇಸ್ತ್ರಿ ಹಾಡು

ಹಾಡಿನ ಟೀಚರು ಇಪ್ಪತ್ತೆರಡು ವರ್ಷ ದಿನಾ ಬೆಳಗ್ಗೆ ಗಂಟಲು ಸವೆಸಿ ಶ್ರುತಿ ಸಂಪಾದಿಸಿದವರು. ಆ ಶ್ರುತಿಯನ್ನು ಅವರ ವಾರಗಿತ್ತಿ ಎರಡೂವರೆ ನಿಮಿಷದಲ್ಲಿ ಗಾಳಿಗೆ ತೂರಿದಳು. ತೂರಿ, ಊರಿಗೆಲ್ಲ ಬೇಕಾದವಳಾದಳು. ಇದನ್ನು ಯಾವ ಹೊಟ್ಟೆ ತಾನೆ ಸಹಿಸೀತು?

ವಾರಗಿತ್ತಿ, ಅಂದರೆ ಟೀಚರ ಮೈದುನನ ಹೆಂಡತಿ, ಅದೇ ಮನೆಯ ಕೆಳ ಅಂತಸ್ತಿನಲ್ಲಿ ಇಸ್ತ್ರಿ ಅಂಗಡಿ ಇಟ್ಟವಳು. ಒಂದು ಮಧ್ಯಾಹ್ನ ಬೇಸರ ಕಳೆಯಲು ತಾನೇ ಹಾಡು ಕಟ್ಟಿದಳು. ಹಳೆಯ ಕೀಬೋರ್ಡಿನಲ್ಲಿ ಕೈಗೆ ಸಿಕ್ಕಿದ ತಾಳ ಒತ್ತಿ, ಫೋನಿನಲ್ಲಿ ಹಿಡಿದು, ಗಿರಾಕಿಗಳಿಗೆಲ್ಲ ಕಳಿಸಿಬಿಟ್ಟಳು.

“ಕಾಲರೇ ಕಾಲರೇ ಯಾಕೆ ಮುನಿಸು, ಬಿಸಿ ಮುಟ್ಟಿದ್ರೆ ಎಲ್ಲಾ ಸಲೀಸು. ನನ್ನೆದೆಗೂ ಹಾಕು ಒಂದು ಇಸ್ತ್ರಿ, ಗುಂಡಿ ಒಡೆದರೆ ಅಂಗಡಿಯವರು ಜವಾಬ್ದಾರರಲ್ಲ.”

ಕೊನೆಯ ಸಾಲು ಅಂಗಡಿ ಬೋರ್ಡಿನಿಂದ ಎತ್ತಿದ್ದು. ಅದು ತಾಳದೊಳಗೆ ಹಿಡಿಸದೆ ‘ಜವಾಬ್’ ಎನ್ನುವಲ್ಲಿ ಅವಳ ಉಸಿರು ಮುಗಿಯುತ್ತಿತ್ತು. ಗುಳುಕ್ಕನೆ ಗಾಳಿ ನುಂಗಿ, ‘ದಾರರಲ್ಲ’ ಎಂದು ಬೇರೆಯೇ ಶ್ರುತಿಯಲ್ಲಿ ಏಳುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆ.

ಜನ ಮೊದಲು ಬಿದ್ದು ಬಿದ್ದು ನಕ್ಕರು, ಆಮೇಲೆ ಬಿಡಲಾರದೆ ಕೇಳಿದರು. ಟೀಚರ ಶಿಷ್ಯೆಯೊಬ್ಬಳು ಪಾಠದ ನಡುವೆಯೇ ಅದನ್ನು ಗುನುಗಿದಳು.

“ಅದ್ರಲ್ಲಿ ಏನಿದೆ ಅಂತ ಹಾಡ್ತೀಯೆ?”

“ಚೆನ್ನಾಗಿಲ್ಲ ಟೀಚರ್, ಗೊತ್ತು. ಆದ್ರೆ ಮುಂದಿನ ಸ್ವರ ಎಲ್ಲಿ ಬೀಳುತ್ತೆ ಅಂತ ಅವ್ರಿಗೇ ಗೊತ್ತಿರಲ್ಲ ನೋಡಿ. ಬೇಕೂಂತ ಹಾಡಿದ್ರೆ ಹಾಗೆ ಬರಲ್ಲ.”

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಎಂದು ಟೀಚರು ಒಳಗೊಳಗೇ ಬೈದರು. ಆದರೆ ಪಾತ್ರೆ ತೊಳೆಯುವಾಗ ತಮ್ಮ ಬಾಯಲ್ಲೂ ಅದೇ ಕಾಲರು! ಬಚ್ಚಲ ಬಾಗಿಲು ಹಾಕಿಕೊಂಡು, ತಾವೂ ‘ಜವಾಬ್’ ಎಂದು ಉಸಿರು ಮುರಿದು ನೋಡಿದರು. ಹಾಳಾದ ಉಸಿರು ತಾಳಕ್ಕೆ ಸರಿಯಾಗಿಯೇ ಮುರಿಯಿತು. ಹತ್ತು ಸಲ ಹಾಡಿದರೂ ಒಂದು ತಪ್ಪೂ ಹುಟ್ಟಲಿಲ್ಲ. ಅವತ್ತು ಅವರಿಗೆ ಊಟ ಸೇರಲಿಲ್ಲ. ತಮ್ಮಿಂದಾಗದ್ದು ಅವಳಿಂದಾಗುತ್ತದೆ ಎಂಬ ಉರಿ, ಅದೂ ಹಾಡಿನಲ್ಲಿ!

ಅಷ್ಟರಲ್ಲಿ ಊರಿನ ದೊಡ್ಡ ಸಭಾಂಗಣದಲ್ಲಿ ಹಾಡಲು ವಾರಗಿತ್ತಿಗೆ ಕರೆ ಬಂತು. ಅವಳು ಮೆಟ್ಟಿಲು ಹತ್ತಿ ಬಂದು ಟೀಚರ ಮುಂದೆ ನಿಂತಳು.

“ಅಕ್ಕಾ, ಇನ್ನು ಮೂರೇ ವಾರ. ಅಷ್ಟರಲ್ಲಿ ನಂಗೆ ಸರಿಯಾಗಿ ಹಾಡೋದು ಕಲಿಸ್ಕೊಡ್ತೀರಾ?”

ಟೀಚರಿಗೆ ಶಿಷ್ಯೆಯ ಮಾತು ನೆನಪಾಯಿತು. ಸರಿಯಾಗಿ ಕಲಿಸಿದರೆ ಹಾಡು ಸತ್ತೇಹೋಗುತ್ತದೆ, ಕಲಿಸಿದವಳ ಕಡೆ ಯಾರೂ ಬೆರಳು ತೋರುವಂತಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಕೂತ್ಕೋ,” ಎಂದರು.

ಅಷ್ಟು ಚೆನ್ನಾಗಿ ಅವರು ಯಾರಿಗೂ ಕಲಿಸಿರಲಿಲ್ಲ. ಎಲ್ಲಿ ಉಸಿರು ತೆಗೆಯಬೇಕು, ತಾಳಕ್ಕೆ ಎಲ್ಲಿ ಕಾಯಬೇಕು, ಒಂದೊಂದನ್ನೂ ತೊಡೆ ತಟ್ಟಿ ತಟ್ಟಿ ತಿದ್ದಿದರು. ಉದ್ದದ ಸಾಲನ್ನು ಕತ್ತರಿಸಿ ಪ್ರಾಸ ಕೂಡಿಸಿದರು. ಅವಳು ಬಟ್ಟೆಯ ರಾಶಿ ಮುಂದಿಟ್ಟುಕೊಂಡು ದಿನವಿಡೀ ಅಭ್ಯಾಸ ಮಾಡಿದಳು. ಎರಡು ಅಂಗಿ ಸುಟ್ಟವು. ಶ್ರುತಿ ಮಾತ್ರ ಕೂತಿತು.

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ವಾರಗಿತ್ತಿ ಹಾಡಿದಳು, ಒಂದು ಸ್ವರವೂ ತಪ್ಪದ ಹಾಗೆ. ಮೊದಲ ಚರಣಕ್ಕೆ ಜನ ಕಾದರು. ಎರಡನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿದರು. ಮೂರನೆಯದರ ಹೊತ್ತಿಗೆ ಹಿಂದಿನ ಸಾಲಿನವರು ಕೈಚೀಲ ಎತ್ತಿಕೊಂಡು ಬಗ್ಗಿ ಬಗ್ಗಿ ಹೊರಟಿದ್ದರು. ಕೊನೆಗೆ ಚಪ್ಪಾಳೆ ಬಿತ್ತು. ಸಣ್ಣದು, ಮರ್ಯಾದೆಯದು, ಬೇಗ ಮುಗಿದದ್ದು. ಪರದೆಯ ಪಕ್ಕ ನಿಂತಿದ್ದ ಟೀಚರಿಗೆ ಆ ಚಪ್ಪಾಳೆಯ ಗುರುತು ಚೆನ್ನಾಗಿತ್ತು. ತಮ್ಮ ಪ್ರತಿ ಕಚೇರಿಯ ಕೊನೆಗೂ ಅವರಿಗೆ ಸಿಕ್ಕಿದ್ದು ಅದೊಂದೇ.

ವಾರಗಿತ್ತಿ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

“ಅಕ್ಕಾ, ಇವತ್ತು ಒಬ್ರೂ ನಗ್ಲಿಲ್ಲ! ಇಷ್ಟು ದಿನ ನಗೋರನ್ನ ನೋಡಿ ನೋಡಿ ಸಾಕಾಗಿತ್ತು. ನಿಮ್ಮ ಹಾಗೇ ಹಾಡಿದ್ನಲ್ವಾ?”

ಟೀಚರು ಖಾಲಿಯಾಗುತ್ತಿದ್ದ ಕುರ್ಚಿಗಳನ್ನು ನೋಡಿದರು.

“ಹೌದು ಕಣೇ,” ಎಂದರು. “ಥೇಟ್ ನನ್ನ ಹಾಗೇ.”