ಓಡಿಹೋದವನ ಮಗಳ ಯುದ್ಧ

ಬಂದರಿನ ಶೆಡ್ಡಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಲೆ ಹೆಣೆಯುವ ಸೂಜಿಯೊಂದನ್ನೇ ಆಯುಧ ಮಾಡಿಕೊಂಡು ಯುದ್ಧ ಗೆದ್ದ ವೀರಾಗ್ರಣಿಯ ಕಥೆಯಿದು. ಊರು ಅವಳನ್ನು ಕರೆಯುತ್ತಿದ್ದದ್ದು ‘ಓಡಿಹೋದವನ ಮಗಳು’ ಎಂದು. ಈ ಬಿರುದು ದಯಪಾಲಿಸಿದವರು ಸ್ವಂತ ಚಿಕ್ಕಮ್ಮ.

ಅಪ್ಪ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ವೈರ್‌ಲೆಸ್ ಆಪರೇಟರ್. ಸಮುದ್ರದ ಮೇಲೆ ಹೋದ ವಿಮಾನ ಮರಳಲಿಲ್ಲ. ಕಾಣೆಯಾಗಿದ್ದಾರೆ ಎಂದಿತು ಸರ್ಕಾರ.

“ಕಾಣೆಯಾಗೋಕೆ ಭಾವನೋರೇನು ಕೊಡೆನಾ? ಯಾವ ದೇಶದಲ್ಲೋ ಇಳ್ಕೊಂಡು, ಯಾವಳನ್ನೋ ಕಟ್ಕೊಂಡು ಹಾಯಾಗಿದಾರೆ,” ಎಂದರು ಚಿಕ್ಕಮ್ಮ.

ಅಮ್ಮ ಆ ಮಾತು ಕೇಳಿಕೇಳಿಯೇ ತೀರಿಕೊಂಡಳು. ಚಿಕ್ಕಮ್ಮ ಸಾಯುವ ಮುನ್ನ ಆ ಮಾತು ಅವರ ಗಂಟಲಿಗೇ ವಾಪಸ್ ಇಳಿಯಬೇಕು. ಮಗಳ ಬದುಕಿಗಿದ್ದ ಗುರಿ ಅದೊಂದೇ.

ಬೋಟಿನವರಿಗೆ ಒಂದು ಚಾಳಿ. ಬಲೆ ಸಿಕ್ಕಿಕೊಳ್ಳುವ ಕಡೆ ತಳದಲ್ಲಿ ಏನೋ ಇರುತ್ತದೆ, ಅಲ್ಲಿ ಮೀನು ಮನೆ ಮಾಡಿರುತ್ತದೆ. ಆ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ. ಚಿಕ್ಕಪ್ಪನಿಗೂ ಅಂಥದೊಂದು ಜಾಗವಿತ್ತು. ಅಲ್ಲಿಗೆ ಹೋದಾಗಲೆಲ್ಲ ಬೋಟು ತುಂಬ ಮೀನು, ಜೊತೆಗೆ ಹರಿದ ಬಲೆ. ಮೀನು ಚಿಕ್ಕಮ್ಮನ ಅಡುಗೆಮನೆಗೆ, ಬಲೆ ಅಣ್ಣನ ಮಗಳ ಮಡಿಲಿಗೆ.

ಒಮ್ಮೆ ಬಲೆಯ ಕಣ್ಣಿನಲ್ಲಿ ಅಲ್ಯೂಮಿನಿಯಂ ತಗಡಿನ ಚೂರು ಸಿಕ್ಕಿತು. ಅಂಚಿನುದ್ದಕ್ಕೂ ಸಣ್ಣ ರಿವೆಟ್‌ಗಳು. ಇಷ್ಟು ತೆಳು ತಗಡಿನಲ್ಲಿ ಹಡಗು ಕಟ್ಟಿದರೆ ಅದು ಬಂದರು ದಾಟುವುದಿಲ್ಲ, ಇದು ವಿಮಾನದ್ದೇ. ಕಾಣೆಯಾದ ವೈಮಾನಿಕರನ್ನು ಹುಡುಕುವ ತಂಡವೊಂದಿತ್ತು, ಅವರನ್ನು ಕರೆಸಿದಳು. ಸಮುದ್ರ ದೊಡ್ಡದು ತಾಯಿ, ಜಾಗ ತೋರಿಸಿ ಎಂದರು ಅವರು.

“ಚಿಕ್ಕಪ್ಪ, ಆ ಜಾಗ ಎಲ್ಲಿದೆ?”

“ಅದು ಬರೀ ಬಂಡೆ ಕಣಮ್ಮ.”

“ಬಂಡೆಗೆ ರಿವೆಟ್ ಹೊಡೆದವರ್ಯಾರು?”

“ನೋಡು, ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಸರಿ ಎಂದು ತಲೆಯಾಡಿಸಿದಳು. ಸಮರ ಸಾರಿದ್ದು ಆಗಲೇ. ಬಲೆಯನ್ನು ಅಂದವಾಗಿ ಹೆಣೆದು, ಮೀನು ಬಂದು ತುಂಬುವ ತುದಿಯಲ್ಲಿ ಮಾತ್ರ ಗಂಟುಗಳನ್ನು ಬಿಗಿಯದೆ ಬಿಟ್ಟಳು. ಮೀನುಗಳು ಮುಂಬಾಗಿಲಿಂದ ಬಂದು ಹಿತ್ತಲಿಂದ ಹೊರಟವು. ಚಿಕ್ಕಪ್ಪ ಬಲೆ ಹೊತ್ತು ಬೇರೆ ಹೆಣೆಯುವವರ ಬಳಿ ಓಡಿದರು. ಅವರೆಲ್ಲ ಇವಳ ಶಿಷ್ಯೆಯರೇ.

“ಮಗಳೇ, ಮೀನೆಲ್ಲ ಓಡಿಹೋಗ್ತಿದೆ,” ಎಂದು ಕೊನೆಗೆ ಅವಳೆದುರೇ ಬಂದು ಕುಕ್ಕರಿಸಿದರು.

“ಓಡಿಹೋಗೋದು ನಮ್ಮ ವಂಶದಲ್ಲೇ ಇದೆಯಂತಲ್ಲ ಚಿಕ್ಕಪ್ಪ. ಚಿಕ್ಕಮ್ಮನ್ನೇ ಕೇಳಿ.”

ಮರುದಿನ ಚಿಕ್ಕಪ್ಪನ ಬೋಟು ಮುಂದೆ, ತಂಡದ ಬೋಟು ಹಿಂದೆ. ಮುಳುಗುಗಾರರು ಇಳಿದರು. ಕೆಸರಿನಡಿ ವಿಮಾನವಿತ್ತು, ಅದರಲ್ಲಿದ್ದವರೆಲ್ಲರ ಮೂಳೆಗಳಿದ್ದವು. ಯಾರೂ ತಮ್ಮ ಜಾಗ ಬಿಟ್ಟು ಎದ್ದಿರಲಿಲ್ಲ. ವೈರ್‌ಲೆಸ್ ಪೆಟ್ಟಿಗೆಯ ಮುಂದಿದ್ದವರ ಕೊರಳ ಗುರುತಿನ ಬಿಲ್ಲೆಯ ಮೇಲೆ ಅಪ್ಪನ ಹೆಸರಿತ್ತು.

ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು, ತಲೆ ಬಾಚಿ, ಊಟದ ಹೊತ್ತು ನೋಡಿಕೊಂಡೇ ಚಿಕ್ಕಮ್ಮನ ಮನೆಗೆ ಹೊರಟಳು. ಚಿಕ್ಕಮ್ಮನ ಮುಂದೆ ತಟ್ಟೆ, ತಟ್ಟೆಯಲ್ಲಿ ಮೀನು. ಬಿಲ್ಲೆಯನ್ನು ಅದರ ಪಕ್ಕದಲ್ಲಿಟ್ಟಳು.

“ಅಪ್ಪ ಸಿಕ್ಕಿದ್ರು ಚಿಕ್ಕಮ್ಮ. ಎಲ್ಲೂ ಓಡಿಹೋಗಿರ್ಲಿಲ್ಲ. ಇಷ್ಟು ವರ್ಷ ಇಲ್ಲೇ ಕೂತ್ಕೊಂಡು ನಿಮಗೆ ಮೀನು ಸಾಕ್ತಾ ಇದ್ರು. ಊಟ ಮಾಡಿ, ಆರಿಹೋಗುತ್ತೆ.”

ಚಿಕ್ಕಮ್ಮನ ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅವಳು ಮಣೆ ಎಳೆದುಕೊಂಡು ಎದುರಿಗೇ ಕೂತಳು, ಅದು ಇಳಿಯುವುದನ್ನು ನೋಡಿಯೇ ಹೋಗೋಣವೆಂದು.