ಪಾಕದ ಎಳೆಯೂ ಲೇಸರ್ ಬೆಳಕೂ

ನಾನು ಓದು ಬಿಟ್ಟದ್ದು ೧೯೭೧ರಲ್ಲಿ, ಏಳನೇ ತರಗತಿಗೆ. ಆಮೇಲೆ ಒಲೆಯೇ ಶಾಲೆ. ಮದರಾಸಿಗೆ ಬಂದು ಮದುವೆ ಅಡುಗೆಯಲ್ಲಿ ಸಿಹಿಯ ಬಾಣಲೆ ಹಿಡಿದೆ. ನನ್ನ ಬಾದುಷಾ ತಿಂದವರು ಯಾರೂ ಹೆಸರಿಟ್ಟಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ದೂರದ್ದು ಮಾತ್ರ ಕಾಣದು, ದಪ್ಪ ಕನ್ನಡಕ. ೨೦೦೩ರಲ್ಲಿ ಒಂದು ಮದುವೆಯಲ್ಲಿ ಅನ್ನದ ಹಂಡೆಯ ಮುಚ್ಚಳ ತೆಗೆದಾಗ ಗಾಜಿಗೆ ಹಬೆ ಕವಿದು, ಕಾಲು ತಗುಲಿ ಸಾರಿನ ಪಾತ್ರೆ ಮಗುಚಿತು. ನಮ್ಮ ಕಂಟ್ರಾಕ್ಟರು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದವರು, ಉತ್ತರಕ್ಕೆ 'ಪದಿಲ್' ಎನ್ನುವಷ್ಟು ತಮಿಳು ಬೆರೆತ ಮಾತು.

"ನಾಳೆ ಎಣ್ಣೇಲಿ ಬಿದ್ರೆ ಯಾರಪ್ಪಾ ಪದಿಲ್ ಹೇಳೋದು? ಕಣ್ಣು ಸರಿ ಮಾಡ್ಕೊಂಡ್ ಬಾ. ಅಲ್ಲೀವರೆಗೂ ಬಾಣಲೆ ಬೇರೆಯವ್ನು ನೋಡ್ಕೊಳ್ಳಲಿ" ಎಂದರು.

ನನ್ನ ಬಾಣಲೆ ಇನ್ನೊಬ್ಬನ ಪಾಲಾಯಿತು. ನನಗೆ ತರಕಾರಿ ಹೆಚ್ಚುವ ಕೆಲಸ.

ಮೊದಲು ಹೋದದ್ದು ಕಣ್ಣಿನ ವ್ಯಾಯಾಮದವನ ಬಳಿ. ಮಹಡಿಯ ಮೇಲೆ ಸಾಲಾಗಿ ಕೂರಿಸಿ ಕಣ್ಣುಗುಡ್ಡೆ ತಿರುಗಿಸಲು ಹೇಳಿದ. ತಿಂಗಳಲ್ಲಿ ಕನ್ನಡಕ ಕಸದ ಬುಟ್ಟಿಗೆ ಎಂದಿದ್ದ. ತಿಂಗಳಾದರೂ ಬಸ್ಸಿನ ಬೋರ್ಡು ಮೊದಲಿನಷ್ಟೇ ಮಸುಕು. ಅದನ್ನು ಹೇಳಿದರೆ, "ನಿಮಗೆ ನಂಬಿಕೆ ಸಾಲದು" ಎಂದ. ನಂಬಿಕೆಯಿಂದ ಕಾಣುವುದಾದರೆ ಕಣ್ಣೇಕೆ?

ಆಮೇಲೆ ಕಣ್ಣುಗುಡ್ಡೆಯ ಮೇಲೆ ಅಂಟಿಸಿಕೊಳ್ಳುವ ಕಾಂಟ್ಯಾಕ್ಟ್ ಲೆನ್ಸು. ಸೋಪಿನಲ್ಲಿ ಕೈ ತೊಳೆದು ಹಾಕಿಕೊಳ್ಳಿ ಎಂದು ಅಂಗಡಿಯವಳು ಕಲಿಸಿದಳು. ಬುಟ್ಟಿಗಟ್ಟಲೆ ಹಸಿಮೆಣಸಿನಕಾಯಿ ಹೆಚ್ಚಿದ ಬೆರಳಿಗೆ ಸೋಪು ಯಾವ ಲೆಕ್ಕ. ಮರುದಿನ ನಲ್ಲಿಯ ಕೆಳಗೆ ತಲೆಯಿಟ್ಟು ಅರ್ಧ ಬೆಳಗು ಕಳೆದೆ. ಲೆನ್ಸು ಮೋರಿಗೆ ಹೋಯಿತು, ಒಳ್ಳೆಯದೇ ಆಯಿತು.

ವೆಸ್ಟ್ ಮಾಂಬಲಂನಲ್ಲಿರುವ ಭಾವಮೈದುನ ಹಿಂದಿನ ವರ್ಷವೇ ಲೇಸರ್ ಮಾಡಿಸಿಕೊಂಡಿದ್ದ. ಮನೆಗೆ ಬಂದಾಗಲೆಲ್ಲ ಎದುರು ಬೀದಿಯ ಬೋರ್ಡು ಓದಿ ತೋರಿಸುವುದೇ ಅವನ ಕಸುಬು.

"ಹತ್ತು ನಿಮಿಷದ ಕೆಲ್ಸ ಭಾವ. ಎದ್ದು ಕೂತ್ರೆ ಗೋಡೆ ಗಡಿಯಾರ ಕಾಣತ್ತೆ."

"ಆಫೀಸಲ್ಲಿ ಗಡಿಯಾರ ನೋಡ್ಕೊಂಡು ಕೂರೋನು ನೀನು. ನನಗ್ಯಾಕೆ?"

ಆದರೂ ಬಾಣಲೆಯ ಆಸೆಗೆ ಅವನ ಹಿಂದೆ ಹೋದೆ. ಆಸ್ಪತ್ರೆಯ ಹುಡುಗಿ ಸೀರೆ ಅಂಗಡಿಯಲ್ಲಿ ಸೆರಗು ಹರಡಿದಂತೆ ಒಂದೊಂದೇ ಚಿಕಿತ್ಸೆ ಬಿಚ್ಚಿಟ್ಟಳು: ಕಣ್ಣಿನ ಮೇಲ್ಪದರ ಎತ್ತಿ ಲೇಸರ್ ಬಿಡುವುದು, ಎತ್ತದೆ ಬಿಡುವುದು, ಒಳಗೇ ಲೆನ್ಸು ಕೂರಿಸುವುದು. ಯಾವುದು ಬೇಕು ಸಾರ್ ಎಂದು ನಕ್ಕಳು. ಪರೀಕ್ಷೆಯೆಲ್ಲ ಮುಗಿದ ಮೇಲೆ, ಮಾಡಬಹುದು ಎಂದರು ಡಾಕ್ಟರು.

ನಾನು ಕನ್ನಡಕ ತೆಗೆದು, ಹೆಬ್ಬೆರಳು ತೋರುಬೆರಳನ್ನು ಮೂಗಿನ ಮುಂದೆ ಹಿಡಿದೆ. "ಪಾಕದ ಎಳೆ ನಾನು ನೋಡೋದು ಹೀಗೆ, ಬರಿಗಣ್ಣಲ್ಲಿ. ಆಮೇಲೂ ಕಾಣತ್ತಾ?"

"ನಲವತ್ತೈದಾಯ್ತಲ್ಲ. ದೂರ ಚೆನ್ನಾಗಿ ಕಾಣುತ್ತೆ. ಹತ್ತಿರಕ್ಕೆ ಕನ್ನಡಕ ಬೇಕಾಗುತ್ತೆ" ಎಂದು ತಮಿಳಿನಲ್ಲಿ ಹೇಳಿದರು.

ಪಕ್ಕದಲ್ಲಿ ಭಾವಮೈದುನ ಆಸ್ಪತ್ರೆಯ ಕರಪತ್ರವನ್ನು ಮಾರುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದುತ್ತಿದ್ದ. ಅನ್ನ ಕೊಡುವ ಕಣ್ಣು ಕೊಟ್ಟು ಗಡಿಯಾರ ನೋಡುವ ಕಣ್ಣು ತರುವುದಂತೆ. ಎದ್ದು ಬಂದೆ.

ಅಂದು ನಮ್ಮವರ ಅಡುಗೆ ನಡೆಯುತ್ತಿದ್ದ ಛತ್ರಕ್ಕೆ ನೇರ ಹೋದೆ. ಹೊಸಬ ಕನ್ನಡಕವಿಲ್ಲದ ಕಣ್ಣುಗಳಿಂದ ಸಕ್ಕರೆ ಪಾಕವನ್ನು ದುರುಗುಟ್ಟಿ ನೋಡುತ್ತಿದ್ದ. ಹಿಂದಿನ ಮದುವೆಯ ಬಾದುಷಾ ಕಲ್ಲಾಗಿತ್ತೆಂದು ಕಂಟ್ರಾಕ್ಟರ ಮುಖವೇ ಹೇಳುತ್ತಿತ್ತು.

"ಆಪರೇಷನ್ ಆಯ್ತಾಪ್ಪಾ?"

"ಇಲ್ಲ ಸ್ವಾಮಿ, ಆಗೋದೂ ಇಲ್ಲ." ಕನ್ನಡಕ ಹಣೆಗೇರಿಸಿ ಒಂದು ಹನಿ ಪಾಕ ಬೆರಳಿಗೆ ತೆಗೆದುಕೊಂಡು ಎಳೆದೆ. "ಇಳಿಸಿ. ಇನ್ನು ಕಾದರೆ ಇದೂ ಕಲ್ಲು."

ಅವರು ಬಾಣಲೆ ಇಳಿಸಲು ಹೊಸಬನಿಗೆ ಸನ್ನೆ ಮಾಡಿ, "ಹಬೆ ಮುಚ್ಚಳ ಮಾತ್ರ ನೀನು ಮುಟ್ಟಬೇಡ" ಎಂದರು. ಕರಿಯುವ ಜಾಲರಿ ನನ್ನ ಕೈಗೆ ಬಂತು.

ಈಗ ನನ್ನ ಬಳಿ ಇರುವುದು ಎರಡು ಕನ್ನಡಕ, ಸ್ವಂತದ ಮೂರು ಬಾಣಲೆ, ನಾಲ್ಕು ಜಾಲರಿ. ಕಣ್ಣು ಎರಡು, ಹುಟ್ಟಿದಾಗ ಬಂದವೇ.